ಪಾಂಡವಪುರದ ಅರ್ಧ ನಿಮಿಷ

ಮೊದಲ ದಿನವೇ ರಂಜಿತ ಕೂರಬಾರದ ಸೀಟಿನಲ್ಲಿ ಕೂತುಬಿಟ್ಟಳು.

ಬೂಕನಕೆರೆಯಲ್ಲಿ ಬಿಳಿ ವ್ಯಾನು ನಿಂತಾಗ ಬೆಳಗ್ಗೆ ಏಳು ಗಂಟೆ. ಮುಂದುಗಡೆ ಡ್ರೈವರ್ ಚಿಕ್ಕಸ್ವಾಮಿ, ಅವನ ಪಕ್ಕ ಇಸ್ತ್ರಿ ಮಾಡಿದ ನೀಲಿ ಯೂನಿಫಾರಮ್ಮಿನಲ್ಲಿ ಒಬ್ಬ ಯುವಕ. ಹಿಂದೆ ಎಲ್ಲ ಖಾಲಿ. ಅವಳು ಬಾಗಿಲ ಹತ್ತಿರದ ಕಿಟಕಿ ಸೀಟಿನಲ್ಲಿ ಕೂತು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು.

ಯುವಕ ಕನ್ನಡಿಯಲ್ಲಿ ನೋಡಿದ. "ಅಲ್ಲಿ ಬೇಡ."

"ಯಾರಾದ್ರೂ ಬತ್ತಾರಾ ಸರ್?"

ಅವನು ಕನ್ನಡಿಯಿಂದ ಕಣ್ಣು ತೆಗೆದ. ಉತ್ತರ ಕೊಟ್ಟಿದ್ದು ಚಿಕ್ಕಸ್ವಾಮಿ. "ಹಿಂದ್ಲ ಸೀಟಲ್ಲಿ ಕೂತ್ಕ ಕಣವ್ವ. ಅಲ್ಲೂ ಗಾಳಿ ಬತ್ತದೆ."

ಪಾಂಡವಪುರದಲ್ಲಿ ಒಂದು ಹೊಂಗೆ ಮರದ ಕೆಳಗೆ ವ್ಯಾನು ನಿಂತಿತು. ಚಿಕ್ಕಸ್ವಾಮಿ ಇಳಿದು ಬಂದು ಬಾಗಿಲು ಎಳೆದು ತೆರೆದ. ರಸ್ತೆಬದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅರ್ಧ ನಿಮಿಷ ಹಾಗೇ ನಿಂತ. ಎಲ್ಲೋ ಆಲೆಮನೆಯ ಹೊಗೆ, ಬೆಲ್ಲದ ವಾಸನೆ ಒಳಗೆ ಬಂತು. ಆಮೇಲೆ ಯಾರೋ ಹತ್ತಿ ಕೂತ ಮೇಲೆ ಮುಚ್ಚುವ ಹಾಗೆ ಮೆಲ್ಲಗೆ ಬಾಗಿಲು ಮುಚ್ಚಿದ.

ರಂಜಿತಳ ಮೈ ಜುಮ್ಮೆಂದಿತು. ಕಾಲಿಟ್ಟ ದಿನವೇ ಏನು ಕೇಳುವುದು ಎಂದು ಊಟದ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.

ಶ್ರೀರಂಗಪಟ್ಟಣದಲ್ಲಿ ಸಿದ್ದರಾಜು ಮತ್ತು ಸ್ನೇಹ ಹತ್ತಿದರು. ಸ್ನೇಹ ಪಕ್ಕದಲ್ಲಿ ಕೂತವಳೇ ಬಾಗಿಲ ಹತ್ತಿರದ ಖಾಲಿ ಸೀಟಿನ ಕಡೆ ನೋಡಿ ಪಿಸುಗುಟ್ಟಿದಳು. "ಆ ಸೀಟು ಪೂಜಂದು ಕಣೇ. ನಿನ್ಗಿಂತ ಮುಂಚೆ ಇದ್ಲು, ಪಾಂಡವಪುರದಲ್ಲಿ ಹತ್ತೋಳು. ಹೋಗ್ಬುಟ್ಲು."

"ಕೆಲ್ಸ ಬುಟ್ಟಾ?"

"ಜೀವ ಬುಟ್ಟು."

*

ಅದೊಂದು ಸಣ್ಣ ವಿಮಾನ ನಿಲ್ದಾಣ. ದಿನಕ್ಕೆ ಮೂರೋ ನಾಲ್ಕೋ ವಿಮಾನ. ಇವರದು ಸೆಕ್ಯುರಿಟಿ ಏಜೆನ್ಸಿಯ ತಂಡ, ಏಳು ಜನ ಗಂಡಸರು, ಇಬ್ಬರು ಹೆಂಗಸರು. ದೊಡ್ಡ ಬ್ಯಾಗುಗಳನ್ನು ಎಕ್ಸ್‌ರೇ ಮೆಷಿನ್ನಿನಲ್ಲಿ ನೋಡುವುದು ಒಂದು ಕೆಲಸ. ವಿಮಾನದ ಏಣಿಯ ಬುಡದಲ್ಲಿ, ಹತ್ತುವ ಮುಂಚೆ ಪ್ರಯಾಣಿಕರನ್ನು ಕೊನೆಯ ಸಲ ತಪಾಸಣೆ ಮಾಡುವುದು ಇನ್ನೊಂದು. ಹೆಂಗಸರನ್ನು ಹೆಂಗಸರೇ, ಪರದೆಯೊಳಗೆ ನೋಡಬೇಕು.

ವ್ಯಾನಿನ ಮುಂದಿನ ಸೀಟಿನಲ್ಲಿದ್ದ ಯುವಕ, ಶಶಿ, ಆ ತಂಡದ ಇನ್‌ಚಾರ್ಜ್. ಹೊಸಹೊಳಲಿನವನು. ಯಾರಿಗೆ ಯಾವ ದಿನ ಡ್ಯೂಟಿ, ಯಾರಿಗೆ ಆಫ್ ಎಂಬ ರೋಸ್ಟರನ್ನು ವಾರಕ್ಕೊಮ್ಮೆ ಅವನೇ ತಯಾರಿಸಿ ಗೋಡೆಗೆ ಅಂಟಿಸುತ್ತಿದ್ದ. ರಂಜಿತ ತನ್ನ ಹೆಸರು ಹುಡುಕಿದಳು, ಹತ್ತನೆಯ ಸಾಲು. ಅವಳ ಮೇಲೆ, ಒಂಬತ್ತನೆಯ ಸಾಲಿನಲ್ಲಿ, ಪೂಜ. ಸೋಮವಾರ ಆಫ್. ಮಂಗಳವಾರ ಆಫ್. ಏಳೂ ದಿನ ಆಫ್.

"ಇದ್ಯಾಕಕ್ಕ ಇಂಗೆ?"

"ಅಳ್ಸೋಕೆ ಸರ್‌ಗೆ ಕೈ ಬರಲ್ಲ ಕಣೇ," ಅಂದಳು ಸ್ನೇಹ. "ಆವತ್ತು ನಾನು ರಜ. ಅವಳ್ಗೆ ಜ್ವರ. ಹೆಂಗಸ್ರು ಯಾರೂ ಇಲ್ಲ ಅಂತ ಶಶಿ ಸರ್ ಫೋನ್ ಮಾಡಿ, 'ಇವತ್ತೊಂದಿನ ಬಂದ್ಬುಡು ಪೂಜ' ಅಂದ್ರು. ಅವ್ರು ಕರದ್ರೆ ಬರ್ದೆ ಇರ್ತಾಳಾ? ಇಬ್ರಿಗೂ ಶ್ರಾವಣದಲ್ಲಿ ಮದ್ವೆ ಅಂತ ಮಾತಾಗಿತ್ತು. ಬಂದು ಬಿಸ್ಲಲ್ಲಿ ನಿಂತು ಡ್ಯೂಟಿ ಮಾಡಿ ಹೋದ್ಲು. ಡೆಂಗಿ. ಹತ್ತನೇ ದಿನಕ್ಕೆ ಇಲ್ಲ."

ಏಣಿಯ ಬುಡದ ಪರದೆಯಲ್ಲಿ ಒಂದು ಕೊಂಡಿ ಮುರಿದಿತ್ತು. ಅಲ್ಲಿ ಪೂಜ ತನ್ನ ಹಸಿರು ಹೇರ್‌ಬ್ಯಾಂಡ್ ಸುತ್ತಿ ಕಟ್ಟಿದ್ದಳು. ಅದಿನ್ನೂ ಹಾಗೇ ಇತ್ತು. ರಂಜಿತ ದಿನವೂ ಆ ಹಸಿರನ್ನು ಸರಿಸಿಯೇ ಒಳಗೆ ಹೋಗಬೇಕು. ಕೆಲವೊಮ್ಮೆ ಗಾಳಿ ಇಲ್ಲದಾಗಲೂ ಪರದೆ ಅಲ್ಲಾಡುತ್ತಿತ್ತು. ಆಗ ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು, ಇನ್ನೊಬ್ಬರಿಗೆ ಜಾಗ ಬಿಡುವಂತೆ.

*

ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು ರಂಜಿತ. ಮಾತು ಕಮ್ಮಿ, ಕಣ್ಣು ಚುರುಕು. ಅದನ್ನು ಶಶಿ ಮೂರನೇ ವಾರಕ್ಕೇ ಗಮನಿಸಿದ. ವಿಮಾನವಿಲ್ಲದ ಮಧ್ಯಾಹ್ನಗಳಲ್ಲಿ ಅವಳನ್ನು ಎಕ್ಸ್‌ರೇ ಪರದೆಯ ಮುಂದೆ ಕೂರಿಸಿ, ಹಳೆಯ ಚಿತ್ರಗಳನ್ನು ಹಾಕಿ ಕಲಿಸತೊಡಗಿದ.

"ಕಿತ್ತಳೆ ಬಣ್ಣ ಅಂದ್ರೆ ಬಟ್ಟೆ, ತಿಂಡಿ, ಕಾಗದ. ನೀಲಿ ಅಂದ್ರೆ ಕಬ್ಬಿಣ. ಇದೇನು ಹೇಳು?"

"ಅಚ್ಚು ಬೆಲ್ಲ ಸರ್."

"ಅದೆಂಗೆ ಗೊತ್ತಾಯ್ತು? ಸೋಪೂ ಇರಬಹುದಲ್ಲ."

"ಸೋಪನ್ನ ಯಾರು ಸರ್ ಸೀರೆ ಮಡಿಕೆ ಒಳ್ಗೆ ಅಷ್ಟು ಜ್ವಾಪಾನವಾಗಿ ಇಡ್ತಾರೆ? ಇದು ಮಗ್ಳ ಮನೆಗೆ ಹೊಂಟಿರೋ ಬ್ಯಾಗು."

ಅವನು ನಕ್ಕ. ಆ ನಗು ಕಣ್ಣಿನವರೆಗೂ ಬಂದು, ಅಲ್ಲಿ ಯಾರನ್ನೋ ನೆನೆದು, ವಾಪಸ್ಸು ಹೋದದ್ದನ್ನು ರಂಜಿತ ನೋಡಿದಳು.

ಒಮ್ಮೆ ಸೀರೆಗಳ ನಡುವೆ ನೀಲಿ ಪಿಸ್ತೂಲು ಕಂಡಿತು. ಅವಳು ಬೆಚ್ಚಿಬಿದ್ದಳು.

"ಹೆದರ್ಬೇಡ. ನಾವು ಎಚ್ಚರವಾಗಿದ್ದೀವಾ ಅಂತ ನೋಡೋಕೆ ಮೆಷಿನ್ನೇ ಆಗಾಗ ಸುಳ್ಳು ಚಿತ್ರ ತೋರಿಸ್ತದೆ. ಬ್ಯಾಗಲ್ಲಿ ಏನೂ ಇರಲ್ಲ."

"ಇಲ್ದೆ ಇರೋದು ಕಾಣ್ತದೆ ಅಂದ್ರೆ ದೆವ್ವ ಅಲ್ವಾ ಸರ್?"

"ದೆವ್ವಾನೇ ಕಣಮ್ಮ. ಈ ಬಟನ್ ಒತ್ತು, ಹೋಗ್ತದೆ."

ಅವಳು ಒತ್ತಿದಳು. ಹೋಯಿತು. ಇಷ್ಟು ಸಲೀಸಾ, ಎಂದುಕೊಂಡು ಗೋಡೆಯ ಮೇಲಿದ್ದ ರೋಸ್ಟರಿನ ಒಂಬತ್ತನೇ ಸಾಲನ್ನು ನೋಡಿದಳು.

ಎಕ್ಸ್‌ರೇ ಮುಂದಿನ ಆ ಕುರ್ಚಿಗೊಂದು ನಿಯಮ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ಕೂರುವಂತಿಲ್ಲ. ಕಣ್ಣು ಸೋತರೆ ಇರುವುದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ. ಇಪ್ಪತ್ತಾದ ಕೂಡಲೇ ಮುಂದಿನವರು ಬಂದು ಕುರ್ಚಿಯ ಬೆನ್ನಿಗೆ ಎರಡು ಸಲ ತಟ್ಟಿ, "ನೀವ್ ಏಳಿ, ನಾನ್ ನೋಡ್ಕತೀನಿ" ಅನ್ನುವುದು ಇವರ ತಂಡದ ರೂಢಿ. ತಟ್ಟಿಸಿಕೊಂಡವರು ಯಾಕೆ, ಏನು ಎನ್ನದೆ ಏಳಬೇಕು. ಇನ್‌ಚಾರ್ಜ್ ಆದರೂ ಅಷ್ಟೇ.

*

ಒಂದು ಸಂಜೆ ಕೊನೆಯ ವಿಮಾನ ಹೊರಟ ಮೇಲೆ ಅವಳು ಪರದೆಯೊಳಗೆ ಸಾಮಾನು ಎತ್ತಿಡುತ್ತಿದ್ದಳು. ಹೊರಗಿನಿಂದ ಶಶಿಯ ದನಿ, ಅವಳು ಅದುವರೆಗೆ ಕೇಳಿರದಷ್ಟು ಮೆತ್ತಗೆ.

"ಪೂಜ, ಸಾಕು ಬಾ."

ರಂಜಿತಳ ಕೈ ನಿಂತಿತು. ತಿದ್ದಬಹುದಿತ್ತು. ಆದರೆ ನಾಚಿಕೆಯೋ, ಆ ದನಿಯ ಮೇಲಿನ ಆಸೆಯೋ, ಬಾಯಿಂದ ಬಂದದ್ದು, "ಬಂದೆ ಸರ್."

ಹೊರಗೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

ಅವತ್ತಿನಿಂದ ಅವಳ ನೆಮ್ಮದಿ ಹಾಳಾಯಿತು. ವ್ಯಾನಿನ ಕನ್ನಡಿಯಲ್ಲಿ ಅವನ ಕಣ್ಣು ಆಗಾಗ ತನ್ನ ಕಡೆ ಹೊರಳುವುದು ಅವಳಿಗೆ ಗೊತ್ತು. ಟೀ ತಂದರೆ ಮೊದಲ ಲೋಟ ತನಗೇ ಕೊಡುವುದೂ ಗೊತ್ತು. ಆದರೆ ಆ ನೋಟ ತನ್ನ ಮೇಲೆ ನಿಲ್ಲುತ್ತದೋ, ತನ್ನ ಬೆನ್ನ ಹಿಂದೆ ನಿಂತವಳ ಮೇಲೋ? ಇನ್ನೊಬ್ಬಳ ಹೆಸರಿಗೆ ಓಗೊಟ್ಟು ಎಷ್ಟು ದಿನ ಪ್ರೀತಿ ಪಡೆಯುವುದು? ತಿಳಿದುಕೊಳ್ಳಲೇಬೇಕು. ಇಲ್ಲದಿದ್ದರೆ ಈ ಕೆಲಸ ಬಿಟ್ಟು ಹೋಗಬೇಕು. ಹಾಗಂತ ನಿರ್ಧಾರ ಮಾಡಿದ ವಾರದಲ್ಲೇ ಅವಳಿಗೆ ಜ್ವರ ಬಂತು.

*

ಗುರುವಾರ. ಮೈ ಕಾಯುತ್ತಿದ್ದರೂ ಮಾತ್ರೆ ನುಂಗಿ ಬಂದಳು. ಸ್ನೇಹಳ ತಂಗಿಯನ್ನು ನೋಡಲು ನಾಗಮಂಗಲದಿಂದ ಗಂಡಿನ ಕಡೆಯವರು ಬರುತ್ತಾರೆಂದು ಸ್ನೇಹ ರಜ ಹಾಕಿದ್ದಳು. ರೋಸ್ಟರಿನಲ್ಲಿ ಇಬ್ಬರು ಹೆಂಗಸರು ಇದ್ದಾರೆ ಎಂದು ಶಶಿಯೇ ರಜ ಕೊಟ್ಟಿದ್ದ. ಆ ಇನ್ನೊಬ್ಬರು ಯಾರು? ಆ ವಾರದ ಹಾಳೆಯಲ್ಲಿ ತನ್ನ ಸಾಲು ಮಾತ್ರ ನೋಡಿದ್ದ ರಂಜಿತ, ಬೇರೆ ಶಿಫ್ಟಿನಿಂದ ಯಾರನ್ನೋ ಕರೆಸಿರಬೇಕು ಎಂದುಕೊಂಡಿದ್ದಳು.

ಹಾಜರಿ ಶುರುವಾಯಿತು. ಹಾಳೆ ಹಿಡಿದು ಶಶಿ ಒಬ್ಬೊಬ್ಬರನ್ನೇ ಕೂಗಿದ. "ಹೆಂಗಸರ ಕಡೆ, ಇಬ್ಬರು. ರಂಜಿತ."

"ಇದ್ದೀನಿ ಸರ್."

ಇನ್ನೊಂದು ಹೆಸರಿಗೆ ಅವನ ಬಾಯಿ ತೆರೆದುಕೊಂಡಿತು. ಶಬ್ದ ಹೊರಡಲಿಲ್ಲ.

ಒಂಬತ್ತನೆಯ ಸಾಲು. ಗುರುವಾರ, ಬೆಳಗಿನ ಡ್ಯೂಟಿ, ಏಣಿಯ ಬುಡ. ಅವನೇ ತುಂಬಿದ್ದ. ಪೂಜ ಇದ್ದಾಳೆ ಎಂದೇ ಎಣಿಸಿದ್ದ.

ಸಿದ್ದರಾಜು ಹಾಳೆಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಬುಡ್ಲಾ ಶಶಿ. ಆಯ್ತು. ಈಗೇನ್ ಮಾಡದು ಹೇಳು. ಮೂವತ್ತೊಂದು ಜನ ಹೆಂಗಸ್ರವ್ರೆ ಈ ಫ್ಲೈಟಿಗೆ."

"ನಾನೊಬ್ಳೇ ಮಾಡ್ತೀನಿ ಸರ್," ಅಂದಳು ರಂಜಿತ.

ಶಶಿ ಲೋಹ ಹುಡುಕುವ ಕೋಲನ್ನು ಅವಳ ಕೈಗಿಟ್ಟ. ಬೆರಳಿಗೆ ಬೆರಳು ತಾಗಿತು. ಅವನು ಕೆಂಡ ಮುಟ್ಟಿದವನಂತೆ ನಿಂತುಬಿಟ್ಟ.

"ಜ್ವರ."

"ಇಲ್ಲ ಸರ್. ಬಿಸ್ಲು ಅಷ್ಟೇ."

"ರಂಜಿತ. ಜ್ವರ ಇದೆ ನಿಂಗೆ."

"ಒಂದೇ ಫ್ಲೈಟ್ ಅಲ್ವಾ ಸರ್. ಮಾಡ್ಬುಡ್ತೀನಿ."

ಅವನು ಕೋಲನ್ನು ವಾಪಸ್ಸು ಕಿತ್ತುಕೊಂಡ. "ಬೇಡ. ಹೆಂಗಸರ ಬೋರ್ಡಿಂಗ್ ನಿಲ್ಸಿ. ಸ್ನೇಹಂಗೆ ಫೋನ್ ಹಾಕ್ಲಾ ಸಿದ್ದರಾಜು. ಚಿಕ್ಕಸ್ವಾಮಣ್ಣನ್ನ ಕಳ್ಸು."

ಏಜೆನ್ಸಿ ಮ್ಯಾನೇಜರ್ ದೇವರಾಜು ಫೋನಿನಲ್ಲಿ ಕೂಗಾಡಿದ್ದು ಮೂರು ಮಾರು ದೂರಕ್ಕೂ ಕೇಳಿಸಿತು. "ಒಬ್ಬಳು ಇದ್ದಾಳಲ್ಲ ಕಣಯ್ಯ, ಮಾಡ್ಸು!"

"ಆಗಲ್ಲ ಸರ್. ಹಿಂದೊಂದ್ಸಲ ಮಾಡ್ಸಿದ್ದೆ."

ವಿಮಾನ ಐವತ್ತು ನಿಮಿಷ ಕಾಯಿತು. ಕೊನೆಗೂ ಸ್ನೇಹ ಓಡಿ ಬಂದಳು, ಯೂನಿಫಾರಮ್ಮು, ತಲೆತುಂಬ ಮಲ್ಲಿಗೆ. "ಗಂಡಿನೋರು ಕಾಫಿ ಕುಡೀತಾವ್ರೆ, ನಾನ್ ಎದ್ ಬಂದ್ಬುಟ್ಟೆ. ನಮ್ಮಮ್ಮ ನನ್ನ ಸಿಗ್ದಾಕ್ತಾಳೆ ಇವತ್ತು!" ಎನ್ನುತ್ತಾ ಹಸಿರು ಹೇರ್‌ಬ್ಯಾಂಡ್ ಸರಿಸಿ ಪರದೆಯೊಳಗೆ ನುಗ್ಗಿದಳು.

*

ಮಧ್ಯಾಹ್ನ, ಸ್ಟಾಫ್ ರೂಮು. ವಾಪಸ್ಸು ಹೋಗುವ ವ್ಯಾನಿಗೆ ಇನ್ನೂ ಅರ್ಧ ಗಂಟೆ ಇತ್ತು. ಬೆಂಚಿನ ಮೇಲೆ ಮಲಗಿದ್ದ ರಂಜಿತ ಕಣ್ಣು ಬಿಟ್ಟು ನೋಡಿದಳು.

ಶಶಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಸಂಜೆಯೊಳಗೆ ತಪ್ಪೊಪ್ಪಿಗೆ ಬರೆದು, ಸರಿಯಾದ ರೋಸ್ಟರ್ ಕಳಿಸದಿದ್ದರೆ ಇನ್‌ಚಾರ್ಜ್ ಕೆಲಸ ಬೇರೆಯವರಿಗೆ ಎಂದು ದೇವರಾಜು ಹೇಳಿಯಾಗಿತ್ತು. ತಪ್ಪೊಪ್ಪಿಗೆ ಬರೆದು ಮುಗಿದಿತ್ತು. ರೋಸ್ಟರ್ ತೆರೆದಿತ್ತು. ಅವನ ಬೆರಳು ಅಳಿಸುವ ಕೀಲಿಯ ಮೇಲಿತ್ತು, ಒತ್ತುತ್ತಿರಲಿಲ್ಲ. ಗಡಿಯಾರದ ಮುಳ್ಳು ಹೋಗುತ್ತಲೇ ಇತ್ತು.

"ನಾನು ಕರೀದೆ ಇದ್ರೆ ಬದುಕ್ತಿದ್ಲು," ಅಂದ. ಅವಳು ಎದ್ದದ್ದು ಅವನಿಗೆ ಹೇಗೆ ಗೊತ್ತಾಯಿತೋ. "ಈಗ ಹೆಸರೂ ಅಳಿಸಿದ್ರೆ ಎರಡನೇ ಸಲ ಕೊಂದಂಗೆ."

ರಂಜಿತ ಅವನ ಹಿಂದೆ ಹೋಗಿ ನಿಂತಳು. ಇಷ್ಟು ದಿನ ಕೇಳಲಾಗದ್ದು ಜ್ವರದ ಧೈರ್ಯಕ್ಕೆ ಹೊರಬಂತು. "ಆವತ್ತು ಪರದೆ ಹೊರ್ಗಡೆಯಿಂದ ಕರದ್ರಲ್ಲ ಸರ್, ಯಾರ್ನ?"

ಅವನು ಕೀಲಿಯ ಮೇಲಿಂದ ಬೆರಳು ತೆಗೆದ.

"ಬಾಯಿಗೆ ಬಂದದ್ದು ಅವಳ ಹೆಸರು," ಅಂದ. "ಆದ್ರೆ ನೀನು ಬರ್ಲಿ ಅಂತಾನೇ ಕಾಯ್ತಿದ್ದೆ. ನೀನು ಬಂದಾಗ ಖುಷಿಯಾಯ್ತು. ಅದಕ್ಕೇ ಹೆದರಿಬಿಟ್ಟೆ ರಂಜಿತ. ಅವಳಿಗೆ ಮೋಸ ಮಾಡಿದಂಗೆ ಅನ್ನಿಸ್ತು."

ಅವಳು ಕುರ್ಚಿಯ ಬೆನ್ನಿಗೆ ಒಂದು ಸಲ ತಟ್ಟಿದಳು. ಎರಡನೆಯದು ಕುರ್ಚಿಗೆ ಬೀಳಲಿಲ್ಲ, ಅವನ ಹೆಗಲಿಗೆ ಬಿತ್ತು, ಅಲ್ಲೇ ಉಳಿಯಿತು.

"ನೀವ್ ಏಳಿ ಸರ್. ನಾನ್ ನೋಡ್ಕತೀನಿ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆ ನೋಟ ಅವಳನ್ನು ದಾಟಿ ಹಿಂದಕ್ಕೆ ಹೋಗಲಿಲ್ಲ. ರೂಢಿಯಂತೆ, ಯಾಕೆ ಏನು ಎನ್ನದೆ ಎದ್ದ.

ರಂಜಿತ ಕೂತಳು. ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಒತ್ತಿದಳು. ಒಂಬತ್ತನೇ ಸಾಲು ಹೋಯಿತು. ಕೆಳಗಿದ್ದ ಅವಳ ಹೆಸರು ತಾನಾಗಿಯೇ ಮೇಲೆ ಜರುಗಿ ಆ ಜಾಗಕ್ಕೆ ಬಂದು ನಿಂತಿತು. ಅವಳು ಅದನ್ನು ಎತ್ತಿ ಮತ್ತೆ ಹತ್ತಕ್ಕೇ ಇಳಿಸಿದಳು.

"ಒಂಬತ್ತು ಖಾಲಿ ಇರ್ಲಿ ಸರ್. ಅದು ಅವಕ್ಕಂದು. ನಂಗೆ ನಂದು ಸಾಕು."

*

ಜ್ವರ ಬಿಟ್ಟು, ಐದನೆಯ ದಿನ ಅವಳು ಡ್ಯೂಟಿಗೆ ಹೊರಟಳು. ವ್ಯಾನು ಹತ್ತಿದಾಗ ಡ್ರೈವರ್ ಪಕ್ಕದ ಜಾಗ ಖಾಲಿ. ಶಶಿ ಹಿಂದೆ, ಅವಳ ಸೀಟಿನ ಪಕ್ಕದಲ್ಲಿ ಕೂತಿದ್ದ. ಇಬ್ಬರೂ ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತರು.

ಪಾಂಡವಪುರ ಬಂತು. ಹೊಂಗೆ ಮರ ಕಾಣುತ್ತಲೇ ಚಿಕ್ಕಸ್ವಾಮಿ ಅನುಮಾನಿಸಿ ಕನ್ನಡಿಯಲ್ಲಿ ನೋಡಿದ. "ನಿಲ್ಸದೋ ಬೇಡ್ವೋ ಶಶಣ್ಣ?"

ಶಶಿ ರಂಜಿತಳ ಕಡೆ ತಿರುಗಿದ.

"ಇವತ್ತೊಂದಿನ ನಿಲ್ಸಣ್ಣ," ಅಂದಳು ಅವಳು.

ಚಿಕ್ಕಸ್ವಾಮಿ ಇಳಿದು ಬಂದು ಬಾಗಿಲು ಎಳೆದ. ಬಾಗಿಲ ಹತ್ತಿರದ ಕಿಟಕಿ ಸೀಟಿನ ಮೇಲೆ ಎಳೆಬಿಸಿಲು ಕೂತಿತ್ತು. ಬೆಲ್ಲದ ವಾಸನೆ ಬಂತು. ಶಶಿ ಕಣ್ಣು ಮುಚ್ಚಿಕೊಂಡ. ಅವನ ಅಂಗೈ ಹುಡುಕುತ್ತಾ ಬಂದು ಅವಳ ಅಂಗೈ ಸೇರಿತು.

"ರಂಜಿತ," ಅಂದ, ಪರದೆಯಾಚೆಯಿಂದ ಒಮ್ಮೆ ಕೇಳಿದ್ದ ಅದೇ ಮೆತ್ತನೆಯ ದನಿಯಲ್ಲಿ.

"ಇದ್ದೀನಿ."

ಅರ್ಧ ನಿಮಿಷವಾಯಿತು. ಅವತ್ತೂ ಯಾರೂ ಹತ್ತಲಿಲ್ಲ. ವ್ಯಾನು ಒಂದಿಷ್ಟೇ ಅಲ್ಲಾಡಿತು, ಯಾರೋ ಇಳಿದುಹೋದ ಹಾಗೆ.