ಒಂದು ಗಂಟೆಯ ಗೇಟು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕರುವಾರು ಪಟ್ಟಣದ ಅಂಚಿನ ಆಲ್ತೊ ದೊ ಉಂಬು ಠಾಣೆಯಲ್ಲಿ ಕಾನ್‌ಸ್ಟೇಬಲ್ ಜೆನಿವಾಲ್ದೊ ಮೊಬೈಲಿನಲ್ಲಿ ವೀಡಿಯೊ ನೋಡಿ ನಗುತ್ತಿದ್ದ. ಹಿಂದಿನ ದಿನ ನವೆಂಬರಿನ ಮೊದಲ ಭಾನುವಾರ, ಇಡೀ ಬ್ರೆಜಿಲಿನ ಹೈಸ್ಕೂಲು ಮಕ್ಕಳು ಕಾಲೇಜು ಪ್ರವೇಶ ಪರೀಕ್ಷೆ ಬರೆಯುವ ದಿನ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಪರೀಕ್ಷಾ ಕೇಂದ್ರದ ಗೇಟು ಮುಚ್ಚುತ್ತದೆ. ಆಮೇಲೆ ಬಂದವರಿಗೆ ಮುಂದಿನ ವರ್ಷವೇ ಗತಿ. ಆ ಗೇಟು ಮುಚ್ಚುವುದನ್ನು ನೋಡಲೆಂದೇ ಜನ ಕುರ್ಚಿ, ಬಿಯರು, ಬೇಯಿಸಿದ ಶೇಂಗಾ ಹೊತ್ತು ಬರುತ್ತಾರೆ. ತಡವಾಗಿ ಓಡಿ ಬಂದವರ ಅಳು ಅವರಿಗೆ ವರ್ಷಕ್ಕೊಮ್ಮೆ ಸಿಗುವ ಪುಕ್ಕಟೆ ನಾಟಕ.

"ಮೇಡಂ, ಇಲ್ ನೋಡಿ ಒಂದ್ಸಲ. ಈ ಹುಡುಗಿ ಸರಳಿಗೆ ಹೆಂಗೆ ಜೋತು ಬಿದ್ದಿದಾಳೆ! ಚಪ್ಪಲೀನೂ ಒಂದೇ ಕಾಲಲ್ಲಿದೆ!"

ಇನ್ಸ್‌ಪೆಕ್ಟರ್ ಒತೀಲಿಯಾ ಬಾರೊಸ್ ಕಾಫಿ ಲೋಟದಿಂದ ತಲೆಯೆತ್ತಿದಳು. ಅವಳು ನೋಡಿದ್ದು ಮೊಬೈಲನ್ನಲ್ಲ, ಜೆನಿವಾಲ್ದೊನ ಬೆನ್ನ ಹಿಂದಿನ ಬಾಗಿಲನ್ನು.

"ಒಳಗಿಡು ಅದನ್ನ. ಅವಳು ನಿನ್ ಹಿಂದೇನೇ ನಿಂತಿದಾಳೆ."

ಬಾಗಿಲಲ್ಲಿ ಇಬ್ಬರಿದ್ದರು. ಒಬ್ಬಳು ವೀಡಿಯೊದ ಹುಡುಗಿ ಲುಸಿಮಾರ. ಹದಿನೆಂಟರ ಪ್ರಾಯ, ಕಣ್ಣು ಊದಿಕೊಂಡಿತ್ತು, ಬಲಗಾಲಿಗೆ ಬಟ್ಟೆ ಸುತ್ತಿತ್ತು. ಇನ್ನೊಬ್ಬರು ನಿವೃತ್ತ ಗಣಿತದ ಶಿಕ್ಷಕಿ ದೊನಾ ಜೊರಾಯ್ದೆ. ಚರ್ಚಿನ ಹಿಂಬದಿಯ ಹಾಲಿನಲ್ಲಿ ಬಡ ಮಕ್ಕಳಿಗೆ ಸಂಜೆಹೊತ್ತು ಪುಕ್ಕಟೆ ಪಾಠ ಹೇಳಿ, ಅರ್ಜಿ ತುಂಬಿಸಿ, ಪರೀಕ್ಷೆಗೆ ಕಳಿಸುವುದೇ ಈಗ ಅವರ ಬದುಕು. ಲುಸಿಮಾರ ಬೆಳಿಗ್ಗೆಯೆಲ್ಲ ಮರಗೆಣಸಿನ ಹಿಟ್ಟಿನ ಗಿರಣಿಯಲ್ಲಿ ದುಡಿದು ಅಲ್ಲಿಗೆ ಓದಲು ಬರುತ್ತಿದ್ದಳು. ನರ್ಸಿಂಗ್ ಓದಬೇಕೆಂಬುದು ಅವಳ ಆಸೆ.

ಶಿಕ್ಷಕಿ ಒಂದು ಬಟ್ಟೆಯ ಗಂಟನ್ನು ಮೇಜಿನ ಮೇಲೆ ಬಿಚ್ಚಿದರು. ಅದರಲ್ಲಿ ಎರಡೆರಡು ಮೊಳೆ ಬಗ್ಗಿಸಿ ನಡುವೆ ಬೆಸುಗೆ ಹಾಕಿದ ಮುಳ್ಳುಗಳಿದ್ದವು. ಹೇಗೆ ಎಸೆದರೂ ಒಂದು ಮೊನೆ ಮೇಲಕ್ಕೇ ನಿಲ್ಲುವಂಥವು.

"ನಿನ್ನೆ ಮಕ್ಕಳನ್ನ ಕರ್ಕೊಂಡ್ ಹೋಗ್ತಿದ್ದ ವ್ಯಾನಿನ ಟೈರಿಂದ ಕಿತ್ತಿದ್ದು," ಎಂದರು. "ಎರಡು ಚಕ್ರ ಒಟ್ಟಿಗೇ ಹೋದ್ವು. ಸ್ಟೆಪ್ನಿ ಇರೋದು ಒಂದು. ಐದು ಮಕ್ಕಳೂ ಬಿಸಿಲಲ್ಲಿ ಓಡಿದ್ರು. ಗೇಟ್ ಮುಚ್ಚೋದು ಅವರ ಕಣ್ಣಿಗೆ ಕಾಣ್ತಿತ್ತು ಮೇಡಂ, ಕೈಗೆ ಸಿಗ್ಲಿಲ್ಲ."

"ಈಗ ನಾನೇನು ಮಾಡ್ಬೇಕು?"

"ಪರೀಕ್ಷಾ ಮಂಡಳಿಗೆ ಫೋನ್ ಮಾಡಿದ್ದೆ. ಇನ್ನೊಬ್ಬರು ಮಾಡಿದ ಅಪರಾಧದಿಂದ ತಡ ಆಯ್ತು ಅಂತ ಪೊಲೀಸರು ಬರೆದುಕೊಟ್ರೆ ಡಿಸೆಂಬರಲ್ಲಿ ಮರುಪರೀಕ್ಷೆಗೆ ಕೂರಿಸ್ತೀವಿ ಅಂದ್ರು. ಶುಕ್ರವಾರ ಸಂಜೆ ಒಳಗೆ ಕಾಗದ ತಲುಪ್ಬೇಕಂತೆ. ಇಲ್ಲಾಂದ್ರೆ ಇವರೆಲ್ಲ ಸೋಮಾರಿಗಳು, ಅಷ್ಟೇ."

ಲುಸಿಮಾರ ಮೊದಲ ಬಾರಿ ಬಾಯಿ ತೆರೆದಳು. "ಗಿರಣೀಲಿ ಇವತ್ತು ಎಲ್ರೂ ಅಲಾರಾಂ ಗಡಿಯಾರದ ಶಬ್ದ ಮಾಡಿದ್ರು. ಅಮ್ಮ ಬಾಗಿಲು ಹಾಕ್ಕೊಂಡು ಕೂತಿದಾಳೆ."

ಜೆನಿವಾಲ್ದೊ ತಲೆ ತಗ್ಗಿಸಿ ಎಫ್‌ಐಆರ್ ಬರೆಯಲು ಕುಳಿತ. ಅವನ ಕಿವಿ ಕೆಂಪಾಗಿತ್ತು. ಆಗಬೇಕಾದದ್ದೇ.

ಹತ್ತೂವರೆಗೆ ಪಂಚನಾಮೆ ಆಯಿತು. ಇಟ್ಟಿಗೆ ಭಟ್ಟಿಯ ಹಿಂದಿನ ಮಣ್ಣು ದಾರಿ ಅದು. ಒಂದು ಕಡೆ ಭಟ್ಟಿಯ ಗೋಡೆ, ಇನ್ನೊಂದು ಕಡೆ ಚರಂಡಿ. ಚಕ್ರ ಪಕ್ಕಕ್ಕೆ ಸರಿಯಲು ಜಾಗವೇ ಇರದ ಕಡೆ ಯಾರೋ ನೋಡಿ ನೋಡಿ ಮುಳ್ಳು ಹರಡಿದ್ದರು. ಮೇಲೆ ತೆಳ್ಳಗೆ ಇಟ್ಟಿಗೆ ಪುಡಿ ಉದುರಿಸಿದ್ದರು. ಭಟ್ಟಿಯ ಕಾವಲುಗಾರ ಮತ್ತು ಕಬ್ಬಿನ ಹಾಲು ಮಾರುವ ಹೆಂಗಸು ಪಂಚರಾಗಿ ಸಹಿ ಹಾಕಿದರು.

"ಹೆದ್ದಾರಿ ಬಿಟ್ಟು ಈ ದಾರೀಲಿ ಯಾಕ್ ಬಂದ್ರಿ?" ಒತೀಲಿಯಾ ಕೇಳಿದಳು.

"ಭಾನುವಾರ ಸಂತೆ. ಹೆದ್ದಾರೀಲಿ ಕತ್ತೆನೂ ನುಗ್ಗಲ್ಲ," ಎಂದರು ದೊನಾ ಜೊರಾಯ್ದೆ. "ಪರೀಕ್ಷೆಗೆ ಒಂದ್ ವಾರ ಮುಂಚೆ ಅದೇ ಹೊತ್ತಿಗೆ ವ್ಯಾನಲ್ಲಿ ಇಲ್ಲೇ ಬಂದು, ಮಕ್ಕಳೆಲ್ಲ ಗೇಟ್ ಮುಟ್ಟಿ ವಾಪಸ್ ಹೋಗ್ತೀವಿ. ಕೈಗೆ ಗೇಟ್ ಗುರುತು ಸಿಗ್ಲಿ ಅಂತ. ನಮ್ಮಲ್ಲಿ ವರ್ಷ ವರ್ಷ ಇದೇ ಪದ್ಧತಿ."

"ಮೊದಲಿಂದಾನೂ?"

"ಇಲ್ಲ. ಮುಂಚೆ ಅವರವರೇ ಬಸ್ಸಲ್ಲಿ ಹೋಗ್ತಿದ್ರು. ಒಬ್ಬ ಹುಡುಗ ತಡ ಮಾಡಿ ವರ್ಷ ಕಳ್ಕೊಂಡ. ಆಮೇಲೆ ಬುದ್ಧಿ ಬಂತು."

ಅಂದರೆ ವ್ಯಾನು ಬರುವ ದಾರಿ, ಹೊತ್ತು ಎರಡೂ ಊರಿಗೇ ಗೊತ್ತಿತ್ತು. ಒತೀಲಿಯಾಳಿಗೆ ಮೊದಲು ಅನುಮಾನ ಬಂದದ್ದು ಚಾಲಕ ಅಮಾರೊನ ಮೇಲೆ. ಮಧ್ಯಾಹ್ನ ಅವನು ಕಾಲು ಎಳೆದುಕೊಂಡು ಠಾಣೆಗೆ ಬಂದ.

"ದಾರೀಲಿ ನಿಧಾನ ಮಾಡಿದ್ಯಾ?"

"ಇಲ್ಲ."

"ಯಾರಾದ್ರೂ ದುಡ್ಡು ಕೊಟ್ಟಿದ್ರಾ?"

ಅಮಾರೊ ಮೇಜು ಗುದ್ದಿದ. "ದುಡ್ಡಾ? ನನ್ ಟೈರು, ನನ್ ಅನ್ನ ಹೋಯ್ತಲ್ಲಮ್ಮ! ಈ ಕಾಲಲ್ಲಿ ಮಕ್ಕಳ ಜೊತೆ ನಾನೂ ಓಡ್ದೆ. ಆ ಹುಡುಗಿ ಚಪ್ಪಲಿ ಆರಿಸ್ಕೊಂಡು ಓಡಿದ್ದು ನಾನು. ವೀಡಿಯೋದಲ್ಲಿ ನೋಡಿ, ನನ್ನನ್ನೂ ತೋರಿಸಿ ನಕ್ಕಿದಾರೆ."

ಒತೀಲಿಯಾ ನೀರಿನ ಲೋಟವನ್ನು ಅವನತ್ತ ಸರಿಸಿದಳು. ಅವನು ಕುಡಿದು, ಸ್ವಲ್ಪ ತಣ್ಣಗಾಗಿ, ಗಲ್ಲ ಕೆರೆದುಕೊಂಡ.

"ಒಂದ್ ಮಾತು. ನಿನ್ನೆ ಅಲ್ಲ, ಅದರ ಹಿಂದಿನ್ ಭಾನುವಾರ ಗೇಟ್ ಮುಟ್ಟಿಸೋಕೆ ಹೋದಾಗ ಒಂದ್ ಕೆಂಪು ಬೈಕು ಹಿಂದೇನೇ ಬಂತು. ಮುಂದೆ ಹೋಗಯ್ಯ ಅಂತ ಕೈ ತೋರಿಸ್ದೆ, ಹೋಗ್ಲಿಲ್ಲ. ಹಿಂದುಗಡೆ ಕಬ್ಬಿಣದ ಸರಳು ಕಟ್ಕೊಂಡಿದ್ದ."

"ಮುಖ?"

"ಹೆಲ್ಮೆಟ್ ಇತ್ತು."

ಮಂಗಳವಾರ ಇಡೀ ದಿನ ಒತೀಲಿಯಾ ಮತ್ತು ಜೆನಿವಾಲ್ದೊ ಆ ಗೇಟಿನ ವೀಡಿಯೊಗಳನ್ನೇ ನೋಡಿದರು. ಒಂದೇ ಗೇಟನ್ನು ಹತ್ತಾರು ಜನ ಚಿತ್ರೀಕರಿಸಿ ಹಾಕಿದ್ದರು. ಗುಂಪು ಹತ್ತರಿಂದ ಕೆಳಗೆ ಎಣಿಸಿತು, ಗೇಟು ಹಾಕಿದ ಮೇಲೆ ಪಟಾಕಿ ಹಚ್ಚಿತು. ಲುಸಿಮಾರ ಓಡಿ ಬಂದು ಸರಳಿನೊಳಗೆ ಕೈ ತೂರಿಸಿ "ಅಣ್ಣಾ, ಒಂದೇ ಒಂದ್ ನಿಮಿಷ" ಎಂದು ಬೇಡಿದಾಗ ಯಾರೋ ಅವಳ ಕೈಗೆ ಬಿಯರು ಲೋಟ ಕೊಡಲು ಹೋದರು. ಅಷ್ಟು ಜನರಲ್ಲಿ ಒಬ್ಬನಾದರೂ ಏನಾಯ್ತಮ್ಮ ಎಂದು ಕೇಳಬಾರದೇ? ಕೇಳಲಿಲ್ಲ. ಕಾಲಿನಿಂದ ರಕ್ತ ಬರುತ್ತಿದ್ದದ್ದು ಎಲ್ಲರ ಕ್ಯಾಮೆರಾಕ್ಕೂ ಕಂಡಿತ್ತು, ಒಬ್ಬರ ಕಣ್ಣಿಗೂ ಕಂಡಿರಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಜೆನಿವಾಲ್ದೊಗೆ ನಗುವುದು ಹಾಗಿರಲಿ, ಕಾಫಿಯೂ ಸೇರಲಿಲ್ಲ.

"ಮೇಡಂ, ಇದೊಂದು ಬೇರೆ ಥರ ಇದೆ," ಎಂದ ಅವನು.

ಎಲ್ಲರ ಕ್ಯಾಮೆರಾಗಳೂ ಬಸ್ಸು ಬರುವ ಹೆದ್ದಾರಿಯತ್ತ ತಿರುಗಿದ್ದವು. ಒಂದು ಮಾತ್ರ ಮೊದಲಿಂದಲೂ ಭಟ್ಟಿಯ ಕಡೆಯ ಖಾಲಿ ಓಣಿಯನ್ನು ನೋಡುತ್ತಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಷ್ಟರಲ್ಲಿ ಚಿತ್ರೀಕರಿಸುವವನ ದನಿ ಕೇಳಿಸಿತು: "ಎಲ್ಲೂ ಹೋಗ್ಬೇಡಿ ಗೆಳೆಯರೇ. ಈ ಕಡೆಯಿಂದ ಐದು ಜನ ಬರ್ತಾರೆ. ಪಕ್ಕಾ."

ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಐದು ಮಕ್ಕಳು, ಹಿಂದೆ ಕುಂಟುತ್ತ ಅಮಾರೊ ಕಾಣಿಸಿಕೊಂಡರು.

"ಐದು ಅಂತ ಇವನಿಗೆ ಯಾರು ಹೇಳಿದ್ರು?" ಒತೀಲಿಯಾಳ ದನಿ ಗಡುಸಾಯಿತು. "ಓಣಿ ಖಾಲಿ ಇದ್ದಾಗ?"

ಆ ವೀಡಿಯೊ ಹಾಕಿದ ಚಾನೆಲ್ಲಿನ ಹೆಸರು 'ಮುಚ್ಚಿದ ಗೇಟು'. ವರ್ಷ ವರ್ಷ ತಡವಾಗಿ ಬಂದವರ ಅಳುವೇ ಅದರ ಸರಕು. ಬುಧವಾರ ಮಧ್ಯಾಹ್ನ ಸೈಬರ್ ವಿಭಾಗದಿಂದ ಒಡೆಯನ ಹೆಸರು ಬಂತು. ಎಡ್ನಿಲ್ಸನ್, ಇಪ್ಪತ್ತೈದು ವರ್ಷ. ಭಾವನ ವೆಲ್ಡಿಂಗ್ ಅಂಗಡಿಯಲ್ಲಿ ಮನೆಗಳಿಗೆ ಕಿಟಕಿ ಸರಳು, ಗೇಟು ಮಾಡುವ ಕೆಲಸ. ಕೆಂಪು ಬೈಕು ಅಂಗಡಿಯ ಮುಂದೆಯೇ ನಿಂತಿರುತ್ತಿತ್ತು. ಸಂಜೆ ನ್ಯಾಯಾಧೀಶರಿಂದ ವಾರಂಟು ಸಿಕ್ಕಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ಅಂಗಡಿಯ ಶೋಧ ನಡೆಯಿತು. ಭಾವ ಬಾಗಿಲಲ್ಲಿ ಗೊಣಗುತ್ತಿದ್ದ. "ನಮ್ಮುಡುಗ ಇರುವೆನೂ ತುಳಿಯಲ್ಲ ಮೇಡಂ. ಯಾರೋ ತಲೆಗೆ ಕಟ್ತಿದಾರೆ." ಜೆನಿವಾಲ್ದೊ ಮೂಲೆಯ ಪೇಂಟಿನ ಡಬ್ಬ ಬೋರಲು ಹಾಕಿದ. ಉಳಿದ ಮುಳ್ಳುಗಳು ನೆಲಕ್ಕೆ ಬಿದ್ದವು, ಪ್ರತಿಯೊಂದೂ ಒಂದು ಮೊನೆ ಮೇಲೆ ಮಾಡಿಕೊಂಡು ನಿಂತಿತು. ಮುಳ್ಳುಗಳನ್ನು ಪಂಚರ ಮುಂದೆ ಜಪ್ತಿ ಮಾಡಿ ಎಡ್ನಿಲ್ಸನ್‌ನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅವನು ಮೊದಮೊದಲು ಜಂಬದಲ್ಲೇ ಇದ್ದ.

"ಏನ್ ಕೊಲೆ ಮಾಡಿದೀನಾ? ಟೈರ್ ಪಂಕ್ಚರು."

"ವ್ಯಾನ್ ಚರಂಡಿಗೆ ಬಿದ್ದಿದ್ರೆ?"

"ಬೀಳ್ಲಿಲ್ವಲ್ಲ."

"ಐದು ಮಕ್ಕಳ ಒಂದು ವರ್ಷ ಹೋಯ್ತು."

"ಒಂದ್ ವರ್ಷ ತಾನೆ? ಮುಂದಿನ್ ವರ್ಷ ಬರೀಲಿ. ನಂಗೂ ಎಲ್ರೂ ಹಂಗೇ ಅಂದ್ರು."

ಒತೀಲಿಯಾ ಪೆನ್ನು ಕೆಳಗಿಟ್ಟಳು. "ನಿಂಗೂ ಅಂದ್ರೆ?"

ಅವನು ಗೋಡೆ ನೋಡುತ್ತ ಕುಳಿತ. ಅಷ್ಟರಲ್ಲಿ ಮಂಡಳಿಗೆ ಕಳಿಸುವ ವರದಿ ಕೇಳಲು ದೊನಾ ಜೊರಾಯ್ದೆ ಬಂದರು. ಬಾಗಿಲಲ್ಲಿ ಅವನನ್ನು ಕಂಡು ನಿಂತುಬಿಟ್ಟರು.

"ಎಡ್ನಿಲ್ಸನ್? ನೀನಾ? ನಮ್ ಮಕ್ಕಳಿಗೆ ಯಾಕೋ ಹಿಂಗ್ ಮಾಡ್ದೆ? ಪಾಪದ ಮಕ್ಕಳು ಕಣೋ! ನೀನೂ ಅದೇ ಬೆಂಚಲ್ಲಿ ಕೂತೋನಲ್ವಾ?"

"ಗುರುತು ಸಿಕ್ತಾ ಟೀಚರಮ್ಮ? ಸಿಗ್ದೇ ಏನು. ವರ್ಷಾ ವರ್ಷಾ ನನ್ ಮುಖ ನೋಡ್ತೀರಲ್ಲ."

ಶಿಕ್ಷಕಿಯ ಮುಖ ಬಿಳಿಚಿಕೊಂಡಿತು.

ತಡ ಮಾಡಿ ವರ್ಷ ಕಳೆದುಕೊಂಡ ಆ ಹುಡುಗ ಇವನೇ. ಗೇಟಿನ ಮುಂದೆ ನೆಲಕ್ಕೆ ಬಿದ್ದು ಅತ್ತವನನ್ನು ಯಾರೋ ಚಿತ್ರೀಕರಿಸಿದ್ದರು, ದೇಶವೆಲ್ಲ ನಕ್ಕಿತ್ತು. ಎರಡು ವರ್ಷದ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು, ಮತ್ತೆ ಓದಬೇಕೆಂದು ಅವನು ಚರ್ಚಿನ ಹಾಲಿಗೆ ಹೋದ. ಅಂದು ಹೊಸ ತಂಡದ ಮೊದಲ ಪಾಠ. ದೀಪ ಆರಿಸಿದ್ದರು. ಗೋಡೆಯ ಮೇಲೆ ಅವನದೇ ಮುಖ, ಆಳೆತ್ತರಕ್ಕೆ, ಬಾಯಿ ಸೊಟ್ಟ ಮಾಡಿಕೊಂಡು ಅಳುತ್ತಿತ್ತು. ಬೆಂಚುಗಳ ತುಂಬ ನಗು. ಹೊತ್ತಿಗೆ ಸರಿಯಾಗಿ ಬರದಿದ್ದರೆ ಇವನ ಗತಿಯೇ ಆಗುತ್ತದೆ ಎಂದು ಶಿಕ್ಷಕಿ ಹೇಳುತ್ತಿದ್ದರು.

"ನೀವೂ ನಗ್ತಿದ್ರಿ," ಎಂದ ಅವನು. "ನಾನು ಬಾಗಿಲಿಂದಾನೇ ವಾಪಸ್ ಹೋದೆ."

"ಮಕ್ಕಳಿಗೆ ಬುದ್ಧಿ ಬರ್ಲಿ ಅಂತ ತೋರಿಸ್ದೆ ಕಣಪ್ಪ..."

"ಬಸ್ ಬರ್ಲಿಲ್ಲ ಟೀಚರಮ್ಮ. ಹತ್ತು ಗಂಟೆಗೇ ಸ್ಟಾಪಲ್ಲಿ ನಿಂತಿದ್ದೆ. ಬಸ್ಸೇ ಬರ್ಲಿಲ್ಲ. ಯಾಕೆ ಲೇಟು ಅಂತ ನೀವಾದ್ರೂ ಕೇಳಿದ್ರಾ?"

ದೊನಾ ಜೊರಾಯ್ದೆ ಗೋಡೆಗೊರಗಿ ನಿಂತರು. ಪಕ್ಕದಲ್ಲಿ ಕುರ್ಚಿ ಇತ್ತು, ಕೂರಲಿಲ್ಲ.

ಒತೀಲಿಯಾಳಿಗೆ ಮೈ ಉರಿಯುತ್ತಿತ್ತು. "ಹಾಗಾದ್ರೆ ಟೀಚರ್ ಮನೆ ಬಾಗಿಲಿಗೆ ಬಂದು ಕೂಗಾಡ್ಬೇಕಿತ್ತು," ಎಂದಳು. "ಲುಸಿಮಾರ ನಿನ್ ವೀಡಿಯೊ ನೋಡಿ ನಗ್ಲಿಲ್ಲ ಅಂತ ನಾನ್ ಹೇಳಲ್ಲ. ನಕ್ಕಿರ್ತಾಳೆ. ಆದ್ರೆ ಅವಳು ಯಾರ್ ದಾರಿಗೂ ಮುಳ್ಳು ಹಾಕಿಲ್ಲ. ಎಷ್ಟ್ ನೋವಾಗುತ್ತೆ ಅಂತ ನಿಂಗೆ ಪಕ್ಕಾ ಗೊತ್ತಿತ್ತು. ಗೊತ್ತಿದ್ದೇ ಮಾಡಿದೀಯ."

ಅವನು ಹೇಳಿಕೆಗೆ ಸಹಿ ಹಾಕಿದ.

ವರದಿ ಅಂದೇ ಹೋಯಿತು. ಶುಕ್ರವಾರ ಬೆಳಿಗ್ಗೆ ಮಂಡಳಿಯ ಉತ್ತರ ಬಂತು: ಐವರಿಗೂ ಡಿಸೆಂಬರಿನಲ್ಲಿ ಮರುಪರೀಕ್ಷೆ. ಲುಸಿಮಾರ ಠಾಣೆಗೆ ಬಂದು ಅದನ್ನು ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ಒಬ್ಬಳೇ ಮೂಲೆಯಲ್ಲಿ ನಿಂತು ಅತ್ತಳು. ಈ ಸಲ ಚಿತ್ರೀಕರಿಸುವವರು ಯಾರೂ ಇರಲಿಲ್ಲ. ದೊನಾ ಜೊರಾಯ್ದೆ ತಮ್ಮ ಕಂಪ್ಯೂಟರಿನಿಂದ ಆ ಹಳೆಯ ವೀಡಿಯೊ ಅಳಿಸಿರುವುದಾಗಿ ಹೇಳಿದರು. ತಡವಾಯಿತು ಎಂದು ಅವರೇ ಹೇಳಿಕೊಂಡರು.

ಅಷ್ಟು ಹೊತ್ತಿಗೆ ಎಡ್ನಿಲ್ಸನ್‌ನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಜೀಪು ಅಂಗಳಕ್ಕೆ ಬಂದಿತ್ತು. ಸುದ್ದಿ ಹೇಗೆ ಹಬ್ಬಿತೋ, ಠಾಣೆಯ ಮುಂದೆ ಜನ ಸೇರಿದ್ದರು. ಒಬ್ಬ ಕುರ್ಚಿಯನ್ನೇ ತಂದಿದ್ದ. ಶೇಂಗಾ ಮಾರುವವನೂ ಬಂದಿದ್ದ. ಎತ್ತಿದ ಕೈಗಳಲ್ಲೆಲ್ಲ ಮೊಬೈಲು. "ಹೊರಗ್ ಕರ್ಕೊಂಡ್ ಬನ್ನಿ! ಈಗ ಅವನು ಅಳೋದ್ ನೋಡೋಣ!" ಎಂದು ಯಾರೋ ಕೂಗಿದರು. ಭಾನುವಾರ ಲುಸಿಮಾರಳನ್ನು ನೋಡಿ ನಕ್ಕ ದನಿಗಳೇ ಇವು. ಇವತ್ತು ಅವಳ ಪರವಂತೆ!

ಬಾಗಿಲಲ್ಲಿ ಬೇಡಿ ಹಾಕಿಕೊಂಡು ನಿಂತಿದ್ದ ಎಡ್ನಿಲ್ಸನ್ ಆ ಕೈಗಳನ್ನು ನೋಡಿದ. ಬಾಯಿ ಸೊಟ್ಟಗಾಗತೊಡಗಿತು. ಲುಸಿಮಾರ ಅವನನ್ನು ಒಂದು ಗಳಿಗೆ ನೋಡಿ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಅವನಿಗೆ ಶಿಕ್ಷೆ ಆಗ್ಲಿ ಮೇಡಂ," ಎಂದಳು. "ಇದು ಬೇಡ."

ಒತೀಲಿಯಾ ಮೆಟ್ಟಿಲಿಳಿದಳು.

"ಜೆನಿವಾಲ್ದೊ, ಅವನ ಮುಖಕ್ಕೆ ನನ್ ಕೋಟು ಹಾಕು. ಜೀಪು ಹಿಂದಿನ ದಾರೀಲಿ ಹೋಗ್ಲಿ."

"ಮೇಡಂ, ಒಂದೇ ಒಂದ್ ನಿಮಿಷ!" ಮುಂದಿನ ಸಾಲಿನವನು ಮೊಬೈಲನ್ನು ಅರೆ ತೆರೆದ ಗೇಟಿನ ಸರಳಿನೊಳಗೆ ತೂರಿಸಿದ. "ಒಂದೇ ನಿಮಿಷ, ಪ್ಲೀಸ್!"

ಅವಳು ಅವನ ಕೈಯನ್ನು ಹೊರಕ್ಕೆ ತಳ್ಳಿ ಠಾಣೆಯ ಗೇಟು ಹಾಕಿದಳು.