ಗೋದಲಿಯ ಬಿಳಿ ಪುಡಿ

ಕುದುರೆಗೆ ವಿಷ ಹಾಕಿದವರು ಯಾರೆಂದು ಪತ್ತೆ ಮಾಡಿಕೊಡಿ ಎಂದು ಮಲ್ಲಂದೂರಿನ ಪ್ಲಾಂಟರ್ ಬಸವರಾಜಪ್ಪನವರು ಕೇಳಲಿಲ್ಲ. ಯಾರೆಂಬುದು ಅವರಿಗೆ ಆಗಲೇ ಗೊತ್ತಿತ್ತು. ಕುದುರೆ ನೋಡಿಕೊಳ್ಳುವ ಜವರಯ್ಯನನ್ನು ಆಳುಗಳೆಲ್ಲರ ಎದುರು ಬೈದು, ಪೊಲೀಸರಿಗೆ ಹೇಳಿಕಳಿಸುವ ಮೊದಲು ಒಂದು ಸಾಕ್ಷಿ ಬೇಕೆಂದು ನಮ್ಮನ್ನು ಕರೆಸಿದ್ದರು.

ನಮ್ಮನ್ನು ಎಂದರೆ ಗುರುವಯ್ಯನವರನ್ನು. ಪಶುವೈದ್ಯರಾಗಿ ನಿವೃತ್ತರಾಗಿ ಮೂಡಿಗೆರೆಯಲ್ಲಿ ನೆಲೆಸಿದ್ದ ಅವರು ಸುತ್ತಮುತ್ತಲಿನ ಗುಟ್ಟುಗಳನ್ನು ಬಿಡಿಸುವುದರಲ್ಲಿ ಹೆಸರಾಗಿದ್ದರು. ಅವರ ಸೂಕ್ಷ್ಮದರ್ಶಕದ ಪೆಟ್ಟಿಗೆ ಹೊರುವ ಭಾಗ್ಯ ಮಾತ್ರ ನನ್ನದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಕಾರ್ತಿಕ ಮಾಸ, ಮೊದಲ ಕೊಯ್ಲಿನ ಕಾಫಿ ಉಗ್ರಾಣ ಸೇರುತ್ತಿತ್ತು.

ಕುದುರೆ ಬಡಕಲಾಗಿ ಕಾಲು ಬಾತುಕೊಂಡಿತ್ತು. ಆದರೂ ಹುರುಳಿಯನ್ನು ಗಬಗಬನೆ ತಿನ್ನುತ್ತಿತ್ತು. ಜ್ವರ ಬಿಟ್ಟು ಬಿಟ್ಟು ಬರುತ್ತದೆಂದು ಜವರಯ್ಯ ಹೇಳಿದ. ಲಾಯದ ಗೋಡೆಯಾಚೆಯೇ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಉಗ್ರಾಣ. ಈಚೆ ಪಕ್ಕದಲ್ಲಿ ಗಾಡಿಗೆಂದು ಸಂತೆಯಿಂದ ತಂದ ಹೊಸ ಎತ್ತುಗಳು. ದಪ್ಪ ನೊಣಗಳು ನನ್ನ ಕತ್ತನ್ನೂ ಬಿಡಲಿಲ್ಲ.

ಮೇವು ಹಾಕುವ ಗೋದಲಿಯ ಮೂಲೆಯಲ್ಲಿ ಸಿಕ್ಕಿದ ಬಿಳಿ ಪುಡಿಯನ್ನು ಬಸವರಾಜಪ್ಪನವರು ಪಾಷಾಣವೆಂದೇ ಪೊಟ್ಟಣ ಕಟ್ಟಿಟ್ಟಿದ್ದರು. ಗುರುವಯ್ಯನವರು ಕೆದಕಿದಾಗ ಅದರೊಳಗೆ ಒಂದು ಮೆಣಸಿನಕಾಯಿ ತೊಟ್ಟು ಸಿಕ್ಕಿತು. ಏನಿದು ಎಂದರೆ ಜವರಯ್ಯ ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ ನಾನು. ಅವನ ಹೆಂಡತಿ ಸಿದ್ದಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಕೆಲಸ ಹೋದರೆ ತೋಟದ ಆಳುಗಳಿಗೆ ಕೊಡುವ ಲೈನಿನ ಮನೆಯೂ ಹೋಗುತ್ತಿತ್ತು. ನನಗೂ ಸಂಕಟವಾಯಿತು.

ಗುರುವಯ್ಯನವರು ಕುದುರೆಯ ರಕ್ತ ತೆಗೆದರು. ಎತ್ತುಗಳದ್ದನ್ನೂ ತೆಗೆದರು. ಗಾಜಿನ ಮೇಲೆ ಹಚ್ಚಿ, ನೀಲಿ ಬಣ್ಣ ಹಾಕಿ, ನನಗೂ ತೋರಿಸಿದರು. ಹುಳುವಿನಂಥ ಗೆರೆಗಳ ಮೇಲೆ ಕೆಂಪು ಚುಕ್ಕೆಗಳು ಕಂಡವು. ಕಸ ಬಿದ್ದಿದೆ ಎಂದೆ. ಅವರು ನಕ್ಕು, ಎಲ್ಲರನ್ನೂ ಅಂಗಳಕ್ಕೆ ಕರೆಸಿದರು.

"ಇದು ಪಾಷಾಣ ಅಲ್ಲ, ಉಪ್ಪು. ಜವರಯ್ಯ ಕುದುರೆಗೆ ದೃಷ್ಟಿ ತೆಗ್ದಿದಾನೆ. ನಿಮಗೆ ಅದೆಲ್ಲ ಆಗಲ್ಲ ಅಂತ ಬಾಯಿ ಬಿಟ್ಟಿಲ್ಲ" ಎಂದು ಶುರು ಮಾಡಿದರು. ಜವರಯ್ಯ ಹೌದೆಂದು ತಲೆಯಾಡಿಸಿದ. ಕುದುರೆಯ ಬಾಯಿಗೆ ಸಿಗದಂತೆ ಮೆಣಸಿನಕಾಯಿ ಆರಿಸಿ ಬಿಸಾಡಿದ್ದನಂತೆ.

"ಆದ್ರೆ ನಿವಾಳಿಸಿದ್ದನ್ನ ಬೆಂಕಿಗೆ ಹಾಕೋದು ಪದ್ಧತಿ. ಗೋದಲೀಲಿ ಯಾಕೆ ಉಳೀತು? ಲಾಯದಲ್ಲಿ ಬೆಂಕಿನೇ ಇರ್ಲಿಲ್ಲ."

ಬಸವರಾಜಪ್ಪನವರು ಒಪ್ಪಿಕೊಂಡರು. ಹೊಗೆಯ ವಾಸನೆ ಹಿಡಿದರೆ ಕಾಫಿ ಕೊಳ್ಳುವವರಿಲ್ಲ ಎಂದು ದಿನಾ ಸಂಜೆ ಲಾಯದಲ್ಲಿ ಹಾಕುತ್ತಿದ್ದ ಹೊಗೆಯನ್ನು ಈ ಕೊಯ್ಲಿಗೆ ನಿಲ್ಲಿಸಿದ್ದು ತಾವೇ ಎಂದರು.

ಹೊಗೆ ನಿಂತ ಮೇಲೆ ನೊಣ ಬಂತು ಎಂದರು ಗುರುವಯ್ಯ. ವಿಷ ತಿಂದ ಪ್ರಾಣಿಗೆ ಹೀಗೆ ಹಸಿವೂ ಇರುವುದಿಲ್ಲ, ಜ್ವರವೂ ಹೀಗೆ ಬಂದು ಹೋಗುವುದಿಲ್ಲ. ಅದಕ್ಕೇ ರಕ್ತ ನೋಡಿದ್ದು. "ಅದರಲ್ಲಿ ಒಂದೇ ಜೀವಕೋಶದ ಜೀವಿ ಇದೆ. ನೀವು ಗಿಡಕ್ಕೆ ಎಲುಬಿನ ಗೊಬ್ಬರ ಹಾಕ್ತೀರಲ್ಲ, ಆ ಥರದ ಫಾಸ್ಫೇಟನ್ನ ಅದು ಮೈಯೊಳಗೆ ಕಾಳು ಕಟ್ಟಿ ಇಟ್ಕೊಳ್ಳುತ್ತೆ. ನೀಲಿ ಬಣ್ಣ ತಾಗಿದ್ರೆ ಆ ಕಾಳು ಕೆಂಪಾಗುತ್ತೆ. ಬರೀ ಕಸ ಆಗಿದ್ರೆ ನೀಲಿಯಾಗೇ ಇರ್ತಿತ್ತು. ಅದೇ ಜೀವಿ ನಿಮ್ಮ ಹೊಸ ಎತ್ತಿನಲ್ಲೂ ಇದೆ. ಎತ್ತು ಹೇಗೋ ತಡ್ಕೊಂಡಿದೆ. ಅದನ್ನ ಕಚ್ಚಿದ ನೊಣ ಕುದುರೇನೂ ಕಚ್ತು."

"ಹಾಗಾದ್ರೆ ತಪ್ಪು ಯಾರ್ದು?" ಎಂದರು ಬಸವರಾಜಪ್ಪನವರು.

"ಹೊಗೆ ಬೇಡ ಅಂದೋರ್ದು."

ಈ ರೋಗಕ್ಕೆ ಈಗ ಚುಚ್ಚುಮದ್ದು ಇದೆ, ಬೆಂಗಳೂರಿನಿಂದ ತರಿಸೋಣ, ಕುದುರೆ ಉಳಿಯುತ್ತದೆ ಎಂದು ಗುರುವಯ್ಯನವರು ಹೇಳಿದ ಮೇಲೆ ಎಲ್ಲರ ಮುಖ ಅರಳಿತು. ಲಾಯದಲ್ಲಿ ಮತ್ತೆ ಹೊಗೆ ಹಾಕಲೆಂದು ಕಾಫಿ ಮೂಟೆಗಳನ್ನು ತಮ್ಮ ಮನೆಯ ಹಜಾರಕ್ಕೇ ಸಾಗಿಸಲು ಬಸವರಾಜಪ್ಪನವರು ಹೇಳಿದರು. ಆಮೇಲೆ ಜವರಯ್ಯನ ಹತ್ತಿರ ಹೋಗಿ, ನಾಳೆಯೂ ಎಂದಿನಂತೆ ಕೆಲಸಕ್ಕೆ ಬಾ ಎಂದು ಮೆಲ್ಲಗೆ ಅಂದರು.

ಜವರಯ್ಯ ಕೈ ಮುಗಿದ. ಸಿದ್ದಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ಬೈದಿದ್ದು ಎಲ್ಲಾರ ಮುಂದೆ ಅಯ್ಯಾ. ಇದನ್ನೂ ಎಲ್ಲಾರಿಗೂ ಕೇಳೋ ಹಾಗೆ ಹೇಳಿ."

ಬಸವರಾಜಪ್ಪನವರು ಕೆಂಪಗಾದರು. ಆಮೇಲೆ ಅಂಗಳದಲ್ಲಿದ್ದ ಆಳುಗಳ ಕಡೆ ತಿರುಗಿ, ಉಗ್ರಾಣದ ಕೊನೆಯವರೆಗೂ ಕೇಳುವಂತೆ ಹೇಳಿದರು: "ಜವರಯ್ಯಂದೇನೂ ತಪ್ಪಿಲ್ಲ. ತಪ್ಪು ನಂದು."