ಒದ್ದೆ ಭತ್ತದ ತೂಕ

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಕೋಣೆಯ ಎದುರಿನ ಬೆಂಚಿನ ಮೇಲೆ ಮುರುಗೇಶ್ ಹೆಣ್ಣು ನೋಡಲು ಹೊರಟವನಂತೆ ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದ. ಗಂಗಾಂಬಿಕಾಳಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ನಾಲ್ಕು ತಿಂಗಳಿಂದ ಫೋನ್ ಎತ್ತದ ಮಹಾರಾಯ ನಿನ್ನೆ ತಾನೇ ಮೆಸೇಜ್ ಹಾಕಿ ಕರೆಸಿಕೊಂಡಿದ್ದ.

"ಮೂರು ಕೆಜಿ ಏರೀನ್ರಿ," ಎಂದ. "ಮಿಲ್ಲಿನ ಕಾಟಾದ ಮ್ಯಾಲೆ ನಿಂತು ನೋಡೀನಿ. ಇವತ್ತು ಮೇಡಮ್ಮೋರ ಮುಂದ ನಿಮಗೂ ತೋರಿಸ್ತೀನಿ."

ಅವನ ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ನಿಶ್ಚಿತಾರ್ಥದ ದಿನ ಅವಳನ್ನು ಕದ್ದು ನೋಡಿದ ಅದೇ ಕಣ್ಣು. ಈಗಲೂ ಕದ್ದೇ ನೋಡುತ್ತಿತ್ತು.

ನಿಶ್ಚಿತಾರ್ಥವಾಗಿ ತಿಂಗಳಿಗೆ ಅವನ ಹೊಟ್ಟೆನೋವು ಕ್ಯಾನ್ಸರ್ ಎಂದು ಗೊತ್ತಾಗಿ, ಜಠರದ ಮುಕ್ಕಾಲು ಭಾಗ ತೆಗೆದಿದ್ದರು. ಮನೆಗೆ ಬಂದವನೇ ಹಿರಿಯರ ಕೈಲಿ ಮಾತು ಕಳಿಸಿದ್ದ: ದೀಪಾವಳಿಯೊಳಗೆ ಮೊದಲಿನ ಎಪ್ಪತ್ತು ಕೆಜಿ ಆದರೆ ಮದುವೆ, ಇಲ್ಲದಿದ್ದರೆ ಹುಡುಗಿಗೆ ಬೇರೆ ಗಂಡು ನೋಡಿರಿ. ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವವನು. ಮದುವೆಯನ್ನೂ ತೂಕಕ್ಕೇ ಹಚ್ಚಿದ್ದ. ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ ಗಂಗಾಂಬಿಕಾಳನ್ನು ಒಂದು ಮಾತು ಯಾರೂ ಕೇಳಿರಲಿಲ್ಲ.

ಒಳಗೆ ಡಯೆಟಿಷಿಯನ್ ಶೈಲಜಾ ಅವನನ್ನು ಮೈಯ ಸ್ನಾಯು, ನೀರು ಬೇರೆ ಬೇರೆ ಅಳೆಯುವ ಮಷೀನಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಎರಡೂ ಹಿಡಿಕೆ ಹಿಡಿಸಿದರು. ಹೊರಬಂದ ಚೀಟಿಯನ್ನು ಎರಡು ಸಲ ಓದಿದರು.

"ತೂಕ ಏರೈತಿ, ಖರೆ. ಆದ್ರ ಸ್ನಾಯು ಇಳದೈತಿ. ಏರಿದ್ದು ನೀರು."

ಬಗ್ಗಿ ಅವನ ಕಾಲಿನ ಗಿಣ್ಣಿನ ಹತ್ತಿರ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಕಡೆ ಕುಳಿ ಹಾಗೇ ಉಳಿಯಿತು. "ಪ್ರೋಟೀನ್ ಕಮ್ಮಿ ಆಗಿರಬೇಕು. ಸರ್ಜನ್ ಸಾಹೇಬ್ರಿಗೂ ಕಾಲು ತೋರಿಸ್ರಿ, ರಕ್ತ ಪರೀಕ್ಷೆ ಮಾಡಿಸ್ತಾರ."

ಮುರುಗೇಶನಿಗೆ ಹೆಚ್ಚು ಬಿಡಿಸಿ ಹೇಳಬೇಕಿರಲಿಲ್ಲ. ಕಾಟಾದ ಮೇಲೆ ಭಾರ ತೂಗಿ, ಒಣಗಿದ ಮೇಲೆ ಕೈಕೊಡುವ ಎಷ್ಟು ಭತ್ತದ ಲೋಡನ್ನು ಅವನೇ ಮಿಲ್ಲಿನ ಬಾಗಿಲಿಂದ ವಾಪಸು ಕಳಿಸಿರಲಿಲ್ಲ!

"ಒದ್ದೆ ಭತ್ತ," ಎಂದು ತನಗೆ ತಾನೇ ಹೇಳಿಕೊಂಡ.

"ಏನೇನ್ ತಿಂತೀರಿ?"

ಬೆಳಿಗ್ಗೆ ತುಪ್ಪ-ಸಕ್ಕರೆಯ ಶಿರಾ, ಮಧ್ಯಾಹ್ನ ತಟ್ಟೆ ತುಂಬ ಅನ್ನ. ನೋಡಲು ಬಂದವರೆಲ್ಲ ಸಿಹಿ ತರುತ್ತಿದ್ದರು. ಬೇಡ ಎಂದರೆ ಅವರಿಗೆ ಬೇಸರ. ತಾಯಿ ಕೊಟ್ರಬಸಮ್ಮ ತಟ್ಟೆ ಖಾಲಿಯಾಗುವವರೆಗೆ ಎದುರಿಗೇ ನಿಂತಿರುತ್ತಿದ್ದಳು.

"ಉಂಡ ಮ್ಯಾಲೆ ಹೆಂಗಾಗ್ತೈತಿ?"

ಅವನು ಗಂಗಾಂಬಿಕಾಳ ಕಡೆ ನೋಡಿದ.

"ಹೇಳ್ರಿ," ಎಂದಳು ಅವಳು. "ನಾ ಹೊರಗ ಹೋಗಾಂಗಿಲ್ಲ."

"ಎದಿ ಹೊಡ್ಕೊಂತೈತಿ. ಮೈಯೆಲ್ಲ ಬೆವರು, ಕಣ್ಣಿಗೆ ಕತ್ತಲಿ. ಗೋಡೌನಿಗೆ ಹೋಗಿ ಚೀಲದ ಹಿಂದ ಮಲ್ಕೋತೀನಿ. ರೋಗ ತಿರುಗಿ ಬಂದೈತಿ ಅನ್ಕೊಂಡೆ. ಯಾರಿಗೂ ಹೇಳಿಲ್ಲ."

ಶೈಲಜಾ ಫೈಲು ತೆರೆದು ತೋರಿಸಿದರು. "ಹೋದ ವಾರದ ಸ್ಕ್ಯಾನ್ ಚೊಲೋ ಐತಿ. ಇದು ರೋಗ ಅಲ್ಲ. ಉಳಿದಿರೋ ಹೊಟ್ಟಿ ಸಣ್ಣದು. ಸಿಹಿ, ರಾಶಿ ಅನ್ನ ಒಮ್ಮೆಲೇ ಕರುಳಿಗೆ ಇಳಿದ್ರ ಹಿಂಗಾಗ್ತೈತಿ. ದಿನಕ್ಕ ಆರು ಸಲ ಸ್ವಲ್ಪ ಸ್ವಲ್ಪ ಉಣ್ರಿ. ಪನೀರು, ಹೆಸರುಬ್ಯಾಳಿ, ಮೊಸರು ಜಾಸ್ತಿ ಇರಲಿ. ಊಟದ ಜೊತಿ ನೀರು ಕುಡೀಬ್ಯಾಡ್ರಿ. ದಿನಾ ನಡೀರಿ. ಮತ್ತ ಎಪ್ಪತ್ತು ಕೆಜಿ ಮಾತು ಬಿಡ್ರಿ. ಹಳೇ ತೂಕ ಭಾಳ ಮಂದಿಗೆ ಬರಂಗಿಲ್ಲ. ಬರದಿದ್ರೂ ಆರಾಮ ಇರ್ತಾರ."

ಕೊನೆಯ ಎರಡು ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಹೊರಗೆ ಬಂದು ಚೀಟಿ ಮಡಚಿ ಜೇಬಿಗಿಟ್ಟ.

"ಮುಗೀತು. ನಿಮ್ಮ ಮನಿಯಾಗ ಹೇಳಿಬಿಡ್ರಿ, ಬ್ಯಾರೆ ಕಡೆ ನೋಡ್ಲಿ."

"ನಾನೇನು ಭತ್ತ ಕೊಳ್ಳಾಕ ಬಂದೀನೇನ್ರಿ? ಷರತ್ತು ಹಾಕಿದೋರು ನೀವು. ನನ್ನ ಕೇಳಿದ್ರೇನು?"

ಅವನು ಬೆಂಚಿನ ಮೇಲೆ ಕೂತು, ಬಗ್ಗಿ ಕಾಲಿನ ಕುಳಿಯ ಮೇಲೆ ಬೆರಳಾಡಿಸಿದ.

"ತೂಕ ಒಂದು ನೆವ," ಎಂದ. "ಮದುವಿ ದಿನದ ಭೂಮದ ಊಟ ನೆನಸ್ಕೊಂಡ್ರ ಹೆದರಿಕಿ ಆಗ್ತೈತಿ. ಒಂದೇ ತಟ್ಟಿಯಾಗ ಇಬ್ಬರೂ ಉಣ್ಣಬೇಕು. ಬಳಗ ಎಲ್ಲ ಸುತ್ತ ಕುಂತು ಹೋಳಿಗಿ ಬಾಯಿಗೆ ತುರುಕ್ತಾರ. ಅಷ್ಟು ಮಂದಿ ಮುಂದ ನಾ ಬೆವತು ಬಿದ್ರ? ಎಂಥವನ್ನ ಕಟ್ಕೊಂಡ್ಳು ಅಂತ ನಿನ್ನ ನೋಡಿ ಅಯ್ಯೋ ಅಂತಾರ. ಅದು ನನಗ ಬ್ಯಾಡ. ನೀ ನನಗ ಅಷ್ಟು ಬೇಕಾದಾಕಿ."

ಮೊದಲ ಸಲ ಅವಳನ್ನು 'ನೀನು' ಎಂದಿದ್ದ. ಅವನಿಗದು ಗೊತ್ತಾಗಲೂ ಇಲ್ಲ. ತಾನು ಅವನಿಗೆ ಬೇಡವಾದೆ ಎಂದು ನಾಲ್ಕು ತಿಂಗಳು ಕೊರಗಿದ್ದ ಗಂಗಾಂಬಿಕಾಳಿಗೆ, ಚೀಲದ ಹಿಂದೆ ಒಬ್ಬನೇ ಮಲಗಿರುತ್ತಿದ್ದ ಈ ಮನುಷ್ಯನ ಮೇಲೆ ಪ್ರೀತಿ ಉಕ್ಕಿ ಬಂತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬೆಂಚಿನ ಮೇಲೆ ಅವನ ಪಕ್ಕಕ್ಕೇ ಬಂದು ಕೂತಳು.

"ನೀವು ಮೂರು ತುತ್ತು ಉಣ್ರಿ. ಉಳಿದದ್ದು ನಾ ಉಣ್ತೀನಿ."

"ತಟ್ಟಿ ತುಂಬ ಇರ್ತೈತಿ."

"ಇರಲಿ."

"ಹೋಳಿಗಿ?"

"ನಿಮ್ಮ ಪಾಲಿಂದೂ ನನಗ."

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡ. "ಮಂದಿ ಏನಂತಾರ, ಗಂಗಾ?"

"ಮದುಮಗಳು ಹೊಟ್ಟಿಬಾಕಿ ಅಂತಾರ," ಎಂದಳು. "ಅನ್ನಲಿ ಬಿಡ್ರಿ. ಮದುಮಗನ್ನ ಯಾರೂ ನೋಡಾಂಗೇ ಇಲ್ಲ."